ರೋಗ ಬಾರದಂತೆ ಕಾಯುವ ವೈದ್ಯ

ರೋಗಿಯನ್ನು ಸಾವಿನ ದವಡೆಯಿಂದ ಪಾರುಮಾಡಿದ ವೈದ್ಯನಿಗೆ ಮನೆಮಂದಿಯೆಲ್ಲ ಕೈಮುಗಿಯುತ್ತಾರೆ. ರೋಗವೇ ಬಾರದಂತೆ ನೋಡಿಕೊಂಡ ವೈದ್ಯನನ್ನು ನೆನೆಯುವವರು ವಿರಳ. ಬಾರದೆಹೋದ ಜ್ವರವನ್ನು ಲೆಕ್ಕವಿಡುವವರಾರು? ಸೇನೆಯಲ್ಲಿ ರೋಗ ನಿವಾರಣೆಯ ಹೊಣೆ ಹೊತ್ತ ವೈದ್ಯಾಧಿಕಾರಿಯ ಪಾಡು ಇದೇ. ಶಿಬಿರಕ್ಕೆ ಯೋಗ್ಯವಾದ ನೆಲದ ಆಯ್ಕೆ, ಕುಡಿಯುವ ನೀರಿನ ಪರೀಕ್ಷೆ, ಅಡಿಗೆಮನೆ ಮತ್ತು ಶೌಚಾಲಯಗಳ ತಪಾಸಣೆ, ಲಸಿಕೆ, ಸೊಳ್ಳೆಗಳ ನಿಯಂತ್ರಣ ಇವೇ ಆತನ ನಿತ್ಯದ ಕಾಯಕ. ಈ ಕಾಯಕ ಸಡಿಲಿದರೆ ಆಗುವ ಅನಾಹುತಕ್ಕೆ ಇತಿಹಾಸವೇ ಸಾಕ್ಷಿ. 1853ರಿಂದ 1856ರವರೆಗೆ ನಡೆದ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೇನೆಯು ಶತ್ರುವಿನ ಗುಂಡಿಗಿಂತ ರೋಗಗಳಿಗೇ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು.

ಈ ಶಾಸ್ತ್ರದ ಮಹತ್ವದ ಅಧ್ಯಾಯವೊಂದು ಅಬಿಡ್ಸ್‌ನಿಂದ ಕೆಲವೇ ಮೈಲಿ ದೂರದ ಬೇಗಂಪೇಟೆಯಲ್ಲಿ ರಚಿತವಾಯಿತು. ಅದರ ಪೀಠಿಕೆ ಬೆಂಗಳೂರಿನದು ಎಂಬುದು ಕನ್ನಡಿಗರಿಗೆ ಕುತೂಹಲದ ಸಂಗತಿ. 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರು ದಂಡಿನಲ್ಲಿ ವೈದ್ಯರಾಗಿದ್ದರು. ಬಂಗಲೆಯಲ್ಲಿ ಸೊಳ್ಳೆಗಳ ಕಾಟ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ಅದನ್ನು ಬೋರಲು ಹಾಕಿದರು, ಕಾಟ ತಗ್ಗಿತು. ದಂಡಿನ ಉಳಿದ ತೊಟ್ಟಿಗಳಿಗೂ ಇದೇ ಉಪಾಯ ಮಾಡಬೇಕೆಂದಾಗ ಮೇಲಿನ ಅಧಿಕಾರಿಯೊಬ್ಬರು ಸೃಷ್ಟಿಯ ಕ್ರಮವನ್ನು ಕೆಡಿಸಬಾರದೆಂದು ಆಕ್ಷೇಪಿಸಿದರಂತೆ!

ಆ ಸೊಳ್ಳೆಯೇ ಮಲೇರಿಯಾದ ವಾಹಕವೆಂಬುದು ಆಗ ಯಾರಿಗೂ ಖಚಿತವಿರಲಿಲ್ಲ. 1897ರ ಆಗಸ್ಟ್ 20ರಂದು ರಾಸ್ ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡರು. ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ತನ್ನನ್ನು ಕಚ್ಚಿಸಿಕೊಂಡ ಹುಸೇನ್ ಖಾನ್ ಎಂಬ ರೋಗಿಯ ಪಾಲೂ ಇದರಲ್ಲಿದೆ. ಆದರೆ ಕೆಲವೇ ವಾರಗಳಲ್ಲಿ ರಾಸ್‌ರನ್ನು ಮಲೇರಿಯಾ ವಿರಳವಾಗಿದ್ದ ರಾಜಪುತಾನದ ಖೇರ್ವಾಡಕ್ಕೆ ವರ್ಗಾಯಿಸಲಾಯಿತು. ಸಂಶೋಧನೆ ಮುಂದುವರಿದದ್ದು 1898ರಲ್ಲಿ ಕಲ್ಕತ್ತೆಯಲ್ಲಿ. ನೊಬೆಲ್ ಪಾರಿತೋಷಕ ಬಂದದ್ದು 1902ರಲ್ಲಿ.

ಸೇನೆಯ ವೈದ್ಯನಿಗೆ ಒಂದು ಅನುಕೂಲವುಂಟು. ಆತನ ಸಲಹೆಯನ್ನು ದಳಪತಿ ಒಪ್ಪಿದರೆ ಅದೇ ಆಜ್ಞೆಯಾಗುತ್ತದೆ; ಮರುದಿನವೇ ತೊಟ್ಟಿಗಳು ಬರಿದಾಗುತ್ತವೆ. ನಗರದಲ್ಲಿ ಹಾಗಲ್ಲ. ನಳದ ನೀರನ್ನು ಕೂಡಿಡುವ ಡ್ರಮ್ಮು, ಬೇಸಗೆ ಕಳೆದರೂ ಬರಿದಾಗದ ಏರ್ ಕೂಲರ್, ಹೂಕುಂಡದ ತಟ್ಟೆ, ಮುಚ್ಚಳವಿಲ್ಲದ ಮೇಲ್ತೊಟ್ಟಿ, ಅಂಗಡಿಯ ಹಿಂದೆ ಬಿದ್ದ ಎಳನೀರಿನ ಚಿಪ್ಪು ಇವುಗಳಿಗೆ ಆಜ್ಞೆ ಮಾಡುವ ದಳಪತಿ ಇಲ್ಲ. ಡೆಂಗೀ ಹರಡುವ ಈಡಿಸ್ ಸೊಳ್ಳೆಗೆ ಇಂಥ ತಿಳಿನೀರೇ ಪ್ರಿಯ. ಮೊಟ್ಟೆಯಿಂದ ರೆಕ್ಕೆ ಮೂಡಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ನೀರು ಚೆಲ್ಲಿದರಷ್ಟೇ ಸಾಲದು. ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಬಲ್ಲವಾದ್ದರಿಂದ ಒಳಭಾಗವನ್ನು ಉಜ್ಜಿ ತೊಳೆಯಬೇಕು.

ಹೊಗೆಯಂತ್ರ ಬರಲಿಲ್ಲವೆಂದು ನಗರಸಭೆಯನ್ನು ದೂರುವುದು ನಾಗರಿಕನ ಹಕ್ಕು. ಆದರೆ ಬೀಗ ಹಾಕಿದ ತಾರಸಿಯ ಮೇಲಿನ ತೊಟ್ಟಿಗೆ ಮನೆಯವರೇ ಹೊಣೆ. ಭಾನುವಾರ ಹಳೆಯ ಪುಸ್ತಕಗಳನ್ನರಸಿ ಅಬಿಡ್ಸ್‌ನ ಕಾಲುದಾರಿಗೆ ಹೊರಡುವ ಮುನ್ನ ಪ್ರತಿ ಕುಟುಂಬವೂ ಅರ್ಧ ಗಂಟೆ ಈ ಕೆಲಸಕ್ಕೆ ಮೀಸಲಿಡಲಿ. ಮಕ್ಕಳು ವೈದ್ಯರಾಗಬೇಕೆಂದು ಹಂಬಲಿಸುವ ತಂದೆತಾಯಿಗಳು ಶಸ್ತ್ರಚಿಕಿತ್ಸೆಯ ಕೀರ್ತಿಯೊಂದನ್ನೇ ನೋಡದೆ, 1948ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಂಥ ಕಡೆ ಕಲಿಸುವ ಸಮುದಾಯ ವೈದ್ಯಶಾಸ್ತ್ರದತ್ತಲೂ ಕಣ್ಣು ಹಾಯಿಸಲಿ. ಅದನ್ನು ಆರಿಸಿಕೊಂಡವರಿಗೆ ಹಾರತುರಾಯಿಗಳು ಸಿಗದಿರಬಹುದು; ಅವರಿಂದಾಗಿ ಸಾವಿರಾರು ಮನೆಗಳಲ್ಲಿ ಜನ ನೆಮ್ಮದಿಯಿಂದ ನಿದ್ರಿಸುತ್ತಾರೆ.