ಹಳೆಯ ಫಿರಂಗಿಗೆ ಹೊಸ ಕಣ್ಣು

2025ರ ಮೇ 8 ಮತ್ತು 9ರ ನಡುವಣ ರಾತ್ರಿ ಪಾಕಿಸ್ತಾನವು ಲೇಹ್‌ನಿಂದ ಸರ್ ಕ್ರೀಕ್‌ವರೆಗಿನ 36 ಸ್ಥಳಗಳತ್ತ ಸುಮಾರು 300ರಿಂದ 400 ಡ್ರೋನ್‌ಗಳನ್ನು ಹಾರಿಬಿಟ್ಟಿತೆಂದು ದೇಶಕ್ಕೆ ತಿಳಿಸಿದವರು ಕರ್ನಲ್ ಸೋಫಿಯಾ ಖುರೇಷಿ. ನಮ್ಮ ಜಿಲ್ಲೆಯ ಕೊಣ್ಣೂರಿನ ಸೊಸೆ. ಅವುಗಳನ್ನು ಹೊಡೆದುರುಳಿಸಿದ ಆಯುಧಗಳ ಪೈಕಿ ರಷ್ಯದ ಎಸ್-400 ಮನೆಮಾತಾಯಿತು. ಆದರೆ ಅದೇ ಕೆಲಸದಲ್ಲಿ ಪಾಲುಗೊಂಡ ಎಲ್-70 ಎಂಬ 40 ಮಿಲಿಮೀಟರ್ ಫಿರಂಗಿಯ ಹೆಸರು ಅಷ್ಟಾಗಿ ಕೇಳಿಬರಲಿಲ್ಲ. ಸ್ವೀಡನ್ನಿನ ಬೋಫೋರ್ಸ್ ಸಂಸ್ಥೆಯ ಈ ಫಿರಂಗಿ ನಮ್ಮ ಸೇನೆಗೆ ಬಂದದ್ದು 1960ರ ದಶಕದಲ್ಲಿ. (ಹಗರಣದ ಬೋಫೋರ್ಸ್ ಬೇರೆ, ಅದು 155 ಮಿಲಿಮೀಟರಿನದು.)

ಆಟೋ ನಗರದಲ್ಲಿ ದುಡಿಯುವ ಕುಟುಂಬಗಳಿಗೆ ಈ ಫಿರಂಗಿಯ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನಳಿಕೆ ಗಟ್ಟಿಯಾಗಿತ್ತು, ಮಂಜಾಗಿದ್ದದ್ದು ಕಣ್ಣು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಆ ಹಳೆಯ ಪೀಠಕ್ಕೆ ಹಗಲಿನ ಕ್ಯಾಮೆರಾ, ಶಾಖದಿಂದಲೇ ಗುರಿಯನ್ನು ಕಾಣುವ ಇರುಳಿನ ಕ್ಯಾಮೆರಾ, ದೂರ ಅಳೆಯುವ ಲೇಸರ್, ಹೊರಬೀಳುವ ಗುಂಡಿನ ವೇಗವನ್ನು ಅಳೆಯುವ ಪುಟ್ಟ ರಾಡಾರ್, ವಿದ್ಯುತ್ ಮೋಟಾರುಗಳನ್ನು ಜೋಡಿಸಿತು. ಗುರಿಯನ್ನು ಯಂತ್ರವೇ ಹಿಂಬಾಲಿಸತೊಡಗಿತು. ನಿಮಿಷಕ್ಕೆ ಸುಮಾರು 300 ಗುಂಡು ಹಾರಿಸುವ ಈ ಫಿರಂಗಿಯ ಹೊಡೆತ ಮೂರೂವರೆ ಕಿಲೋಮೀಟರಿನಾಚೆಗೆ ಹೆಚ್ಚು ಸಾಗದು. ಅಗ್ಗದ ಡ್ರೋನಿಗೆ ಅಷ್ಟೇ ಸಾಕು. ಕೋಟಿಗಟ್ಟಲೆ ಬೆಲೆಯ ಕ್ಷಿಪಣಿಯನ್ನು ಅಂಥದರ ಮೇಲೆ ವ್ಯಯಿಸುತ್ತ ಹೋದರೆ ಆಗಸಕ್ಕಿಂತ ಮೊದಲು ಬೊಕ್ಕಸ ಬರಿದಾಗುತ್ತದೆ.

ಆದರೂ ಇದು ಶಾಂತಿಕಾಲದಲ್ಲಿ ವರ್ಷಗಟ್ಟಲೆ ನಡೆದ ಕೆಲಸ. ತುರ್ತಿನ ಪಾಠ ಬೇಕಾದರೆ ಉಕ್ರೇನನ್ನು ನೋಡಬೇಕು. ಇರಾನ್ ಮೂಲದ ಶಾಹೆದ್ ಡ್ರೋನ್‌ಗಳ ಸದ್ದನ್ನು ಗುರುತಿಸಲು ಅಲ್ಲಿಯವರು ಕಂಬಗಳ ಮೇಲೆ ಮೈಕು ಮತ್ತು ಮೊಬೈಲ್ ಫೋನುಗಳನ್ನು ಕಟ್ಟಿದರು. ಒಂದೊಂದಕ್ಕೆ 400-500 ಡಾಲರ್ ಖರ್ಚಿನ ಇಂಥ ಸಾಧನಗಳ ಸಂಖ್ಯೆ 2024ರ ವೇಳೆಗೆ ಹತ್ತು ಸಾವಿರದ ಹತ್ತಿರ ಬಂದಿತ್ತು. ಸುದ್ದಿ ತಲುಪಿದೊಡನೆ ಪಿಕಪ್ ಗಾಡಿಗೆ ಮೆಷಿನ್ ಗನ್ ಬಿಗಿದುಕೊಂಡ ತಂಡಗಳು ಹೊರಡುತ್ತಿದ್ದವು. ಅದನ್ನರಿತ ರಷ್ಯ ತನ್ನ ಡ್ರೋನ್‌ಗಳನ್ನು ಗುಂಡಿಗೆಟುಕದ ಎತ್ತರಕ್ಕೆ ಏರಿಸಿತು. ಈಗ ಡ್ರೋನನ್ನು ಬೇಟೆಯಾಡಲು ಅಗ್ಗದ ಡ್ರೋನ್‌ಗಳೇ ಬಂದಿವೆ. ಅಲ್ಲಿ ಒಂದು ಉಪಾಯದ ಆಯುಷ್ಯ ಕೆಲವೇ ತಿಂಗಳು.

ನಮ್ಮ ಕೊರತೆ ಇರುವುದು ಇಲ್ಲಿಯೇ ಎಂದು ತೋರುತ್ತದೆ. ಎರಕ ಹೊಯ್ಯುವ, ಲೇತಿನ ಮೇಲೆ ಕಡೆಯುವ, ಇದ್ದುದನ್ನೇ ಹೊಂದಿಸಿ ನಡೆಸುವ ಕೈಗಳಿಗೆ ಬೆಳಗಾವಿ, ಖಾನಾಪುರಗಳಲ್ಲಿ ಬರವಿಲ್ಲ. 2018ರಲ್ಲಿ ಆರಂಭವಾದ ಕೇಂದ್ರದ ಐಡೆಕ್ಸ್ ಯೋಜನೆ ಸಣ್ಣ ಉದ್ದಿಮೆಗಳಿಗೂ ರಕ್ಷಣಾ ಇಲಾಖೆಯ ಬಾಗಿಲು ತೆರೆಯಿತು, ನಿಜ. ಆದರೆ ನಾಲ್ಕು ಲೇತುಗಳ ಕಾರ್ಖಾನೆಯ ಒಡೆಯನು ಪರೀಕ್ಷೆಯ ಮೇಲೆ ಪರೀಕ್ಷೆ ಮುಗಿಯುವವರೆಗೆ ಬ್ಯಾಂಕಿನ ಬಡ್ಡಿ ಕಟ್ಟುತ್ತ ಎಷ್ಟು ವರ್ಷ ಕಾದಾನು? ಸೈನಿಕನ ದೂರು ಮಿಸ್ತ್ರಿಯ ಕಿವಿಗೆ ನೇರವಾಗಿ ಬೀಳುವ ದಾರಿ ನಮ್ಮಲ್ಲಿನ್ನೂ ಕಿರಿದು.

ತಡೆ ಎಷ್ಟೇ ಬಲವಾಗಿದ್ದರೂ ಒಂದೆರಡು ನುಸುಳುತ್ತವೆ. ಮೇ 9ರ ರಾತ್ರಿ ಪಂಜಾಬಿನ ಫಿರೋಜ್‌ಪುರ ಜಿಲ್ಲೆಯ ಹಳ್ಳಿಯೊಂದರ ಮನೆಗೆ ಡ್ರೋನ್ ಅಪ್ಪಳಿಸಿ ಒಂದೇ ಕುಟುಂಬದ ಮೂವರು ಸುಟ್ಟ ಗಾಯಗೊಂಡರು. ಮರುದಿನ ಸಂಜೆ ಕದನವಿರಾಮವಾಯಿತು. ಆ ಮನೆಯ ಗೃಹಿಣಿ ಕೆಲವು ದಿನಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡರು.