ರೇಡಿಯೋ ಕೊಳ್ಳೋ ಮೊದಲು ಕೇಳೋ ಮನೆ ಗೊತ್ತು ಮಾಡಿ

ಮಳೆ, ಧೂಳು ತಡೆಯುವ ವಾಕಿಟಾಕಿ ಬಗ್ಗೆ ನಮ್ಮ ಭಾಗದ ಯುವ ರೈತರು ಈಗ ಬಹಳ ವಿಚಾರಿಸ್ತಿದ್ದಾರೆ. ಹಿರಿಯೂರು, ಹೊಳಲ್ಕೆರೆ ಕಡೆಯಿಂದಲೂ ಕೇಳ್ತಾರೆ, "ಅಣ್ಣಾ, ಯಾವ ಸೆಟ್ ತಗೋಬೇಕು? ಎಷ್ಟು ಕಿಲೋಮೀಟರ್ ಹೋಗುತ್ತೆ?" ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಎಷ್ಟು ದೂರ ಹೋಗುತ್ತೆ ಅನ್ನೋದು ಎರಡನೇ ಪ್ರಶ್ನೆ. ನೀವು ಕೂಗಿದಾಗ ಆ ಕಡೆ ಸೆಟ್ ಆನ್ ಮಾಡಿಕೊಂಡು ಯಾರು ಕೂತಿರ್ತಾರೆ ಅನ್ನೋದು ಮೊದಲನೇ ಪ್ರಶ್ನೆ. ಇದಕ್ಕೆ ಉತ್ತರ ಇಲ್ಲದೆ ದುಡ್ಡು ಹಾಕಿದರೆ ಆ ಸೆಟ್ ಆರು ತಿಂಗಳಲ್ಲಿ ಮಕ್ಕಳ ಆಟದ ಸಾಮಾನು ಆಗುತ್ತೆ.

ನಾನು ಓದಿದ್ದು ತೋಟಗಾರಿಕೆ. ಈಗ ಹೊಸದುರ್ಗ ತಾಲ್ಲೂಕಿನಲ್ಲಿ ತೆಂಗು, ಅಡಿಕೆ, ಸ್ವಲ್ಪ ದಾಳಿಂಬೆಯನ್ನು ಸಾವಯವದಲ್ಲಿ ಬೆಳೀತಿದ್ದೀನಿ. ಅಕ್ಕಪಕ್ಕದ ಆರು ಮನೆಯವರು ಸೇರಿ ಎರಡು ವರ್ಷದಿಂದ ಸಿಬಿ ರೇಡಿಯೋ ಬಳಸ್ತಿದ್ದೀವಿ. ಆ ಅನುಭವದ ಮೇಲೆ ಈ ಮಾತು.

ಫೋನ್ ಇರುವಾಗ ಇದ್ಯಾಕೆ?

ಫೋನ್ ಚೆನ್ನಾಗಿ ಸಿಗೋ ಜಾಗದಲ್ಲಿ ಇದು ಬೇಡ. ದುಡ್ಡು ಉಳಿಸಿ, ಡ್ರಿಪ್ ಪೈಪಿಗೆ ಹಾಕಿ. ಆದರೆ ನಮ್ಮ ಜಿಲ್ಲೆಯ ನೆಲ ನೋಡಿ. ಚಿತ್ರದುರ್ಗದ ಜೋಗಿಮಟ್ಟಿ ಸಾಲಿನಿಂದ ಹಿಡಿದು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಮಾರಿಕಣಿವೆವರೆಗೆ ಗುಡ್ಡದ ಹಿಂದೆ ಗುಡ್ಡ. ಊರಲ್ಲಿ ನಾಲ್ಕು ಕಡ್ಡಿ ನೆಟ್‌ವರ್ಕ್ ಇರುತ್ತೆ, ಕಣಿವೆಯೊಳಗಿನ ತೋಟಕ್ಕೆ ಇಳಿದರೆ ಒಂದೂ ಇರಲ್ಲ. ಗಾಳಿ ಮಳೆಗೆ ಕರೆಂಟ್ ಹೋಗಿ ಎಷ್ಟೋ ಗಂಟೆ ಬರದೆ ಇದ್ದರೆ ಟವರ್ ಬ್ಯಾಟರಿಯೂ ಮುಗಿಯುತ್ತೆ. ಆಮೇಲೆ ಊರಲ್ಲೂ ಫೋನ್ ಸುಮ್ಮನಾಗುತ್ತೆ.

ಇನ್ನು ರಾತ್ರಿ ಪಾಳಿ. ಮೂರು ಫೇಸ್ ಕರೆಂಟ್ ಕೊಟ್ಟಾಗ ಮೋಟಾರ್ ಹಾಕಲು ಒಬ್ಬರೇ ಹೋಗ್ತೀವಿ. ಮೊಬೈಲ್ ಸ್ಟಾರ್ಟರ್ ಇದೆ ಅಂತೀರಾ? ಅದಕ್ಕೂ ನೆಟ್‌ವರ್ಕ್ ಬೇಕು. ನಮ್ಮ ಕಡೆ ಕರಡಿ, ಚಿರತೆ ಹೊಸದಲ್ಲ. ಹಾವು ಎಲ್ಲಾ ಕಡೆ ಇದೆ. ಗೇಟ್‌ವಾಲ್ ತಿರುಗಿಸೋ ಹೊತ್ತಿಗೆ ಕಾಲಿಗೆ ಏನಾದರೂ ಆದರೆ ಮನೆಗೆ ತಿಳಿಸೋದು ಹೇಗೆ? ನನ್ನ ಮಟ್ಟಿಗೆ ರೇಡಿಯೋ ಬೇಕಾಗಿರೋದು ಇದಕ್ಕೇ. ಟ್ರ್ಯಾಕ್ಟರ್ ಕರೆಯೋದು, ಕೂಲಿಯವರಿಗೆ ಊಟ ತರಿಸೋದು, ಲೈನ್ ಕೊನೆಯಲ್ಲಿ ನೀರು ಬಂತಾ ಅಂತ ಕೇಳೋದು ಎಲ್ಲಾ ಮೇಲಿನ ಲಾಭ.

ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರ್‌ನಲ್ಲಿ 89 ವರ್ಷದ ನಂತರ ಕೋಡಿ ಬಿದ್ದಾಗ ನಮಗೆಲ್ಲ ಹಬ್ಬ. ಹಿನ್ನೀರಿನ ಹೊಸದುರ್ಗ ಕಡೆ ಮಾತ್ರ ತೋಟಗಳಿಗೇ ನೀರು ನುಗ್ಗಿತ್ತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಬರ ಅಂದರೆ ಬೋರ್‌ವೆಲ್ ಕೊರೆಸೋದು ನಮಗೆ ಗೊತ್ತು. ನೀರು ಏರಿದಾಗ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸೋ ಅಭ್ಯಾಸ ನಮಗಿನ್ನೂ ಆಗಿಲ್ಲ.

ಲೈಸೆನ್ಸ್: ಇಲ್ಲಿ ಎಚ್ಚರ ಬೇಕು

"ಲೈಸೆನ್ಸ್ ಬೇಡ" ಅಂತ ಬರೆದಿರೋ ಎಲ್ಲಾ ಸೆಟ್‌ಗೂ ಲೈಸೆನ್ಸ್ ಬೇಡ ಅಂತಲ್ಲ. ಸಿಟಿಜನ್ ಬ್ಯಾಂಡ್, ಅಂದರೆ ಸಿಬಿ, ನಮ್ಮ ದೇಶದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ. ಇದರಲ್ಲಿ 5 ವಾಟ್ ಮೀರದ ಸೆಟ್‌ಗಳಿಗೆ 2005ರ ನಿಯಮದಲ್ಲಿ ಲೈಸೆನ್ಸ್ ವಿನಾಯಿತಿ ಕೊಟ್ಟಿದ್ದಾರೆ. ಆಮೇಲೆ 2018ರ ನಿಯಮದಲ್ಲಿ 446.0–446.2 ಮೆಗಾಹರ್ಟ್ಸ್‌ನ ಇನ್ನೂ ಕಡಿಮೆ ಶಕ್ತಿಯ ಸಣ್ಣ ವಾಕಿಟಾಕಿಗಳಿಗೂ ವಿನಾಯಿತಿ ಬಂತು.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗೋ ಬಹಳಷ್ಟು ಸೆಟ್‌ಗಳ ಮೇಲೆ 136–174, 400–480 ಅಂತ ಬರೆದಿರುತ್ತೆ. ಅವು ಈ ವಿನಾಯಿತಿಗೆ ಬರಲ್ಲ. ಪೊಲೀಸರು ಮತ್ತಿತರ ಸೇವೆಗಳು ಮಾತಾಡೋ ತರಂಗಗಳೂ ಆ ವ್ಯಾಪ್ತಿಯಲ್ಲೇ ಇವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಇದೇ ವಿಚಾರಕ್ಕೆ ನೋಟಿಸ್ ಕೊಟ್ಟು, ವಾಕಿಟಾಕಿ ಮಾರಾಟಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿತು. ಹಾಗಾಗಿ ಕೊಳ್ಳೋ ಮುಂಚೆ ಎರಡು ವಿಷಯ ಕೇಳಿ. ಯಾವ ಮೆಗಾಹರ್ಟ್ಸ್? ಇಟಿಎ, ಅಂದರೆ ಉಪಕರಣದ ಮಾದರಿಗೆ ಸರ್ಕಾರದ ಅನುಮೋದನೆ ಇದೆಯಾ? ಉತ್ತರ ಬರಲಿಲ್ಲ ಅಂದರೆ ಅಂಗಡಿ ಬದಲಾಯಿಸಿ.

ಇನ್ನೊಂದು ಸೂಕ್ಷ್ಮ ಇದೆ. ಅಮೆರಿಕದ ಲೆಕ್ಕದಲ್ಲಿ ಮಾಡಿದ ಸಿಬಿ ಸೆಟ್‌ನಲ್ಲಿ 40 ಚಾನೆಲ್ ಇರುತ್ತವೆ. ಅದರ 27ನೇ ಚಾನೆಲ್ 27.275, 28ನೇದು 27.285. ನಮ್ಮ ಮಿತಿ 27.283ಕ್ಕೇ ಮುಗಿಯುತ್ತೆ. ಅಂದರೆ 28ರಿಂದ 40ರವರೆಗಿನ ಚಾನೆಲ್ ಸೆಟ್‌ನಲ್ಲಿ ಕಂಡರೂ ನಮಗಲ್ಲ. ಶಕ್ತಿ ಹೆಚ್ಚಿಸೋ ಬೂಸ್ಟರ್ ಹಾಕೋ ಯೋಚನೆಯೂ ಬೇಡ, 5 ವಾಟ್ ದಾಟಿದರೆ ವಿನಾಯಿತಿ ಮುಗೀತು.

ಎಷ್ಟು ದೂರ ಹೋಗುತ್ತೆ?

ಡಬ್ಬಿ ಮೇಲಿನ ಕಿಲೋಮೀಟರ್ ನಂಬಬೇಡಿ. ಅದು ಎದುರುಬದುರು ಏನೂ ಅಡ್ಡ ಇಲ್ಲದ ಬಯಲಿನ ಲೆಕ್ಕ. ನಮ್ಮ ಕೈಸೆಟ್‌ಗಳು ತೋಟದೊಳಗೆ ಒಂದೂವರೆ ಕಿಲೋಮೀಟರ್ ಆಸುಪಾಸು ಸ್ಪಷ್ಟವಾಗಿ ಕೇಳುತ್ತವೆ. ಕೆರೆ ಏರಿ ಮೇಲೆ ನಿಂತರೆ ಅದರ ಎರಡರಷ್ಟು. ನಡುವೆ ಕಲ್ಲುಗುಡ್ಡ ಬಂದರೆ ಅರ್ಧ ಕಿಲೋಮೀಟರ್‌ಗೂ ಇಲ್ಲ.

ಕಾರಣ ಸರಳ. 27 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 11 ಮೀಟರ್. ಅದಕ್ಕೆ ಸರಿಯಾದ ಕಾಲುಭಾಗದ ಆಂಟೆನಾ ಅಂದರೆ ಒಂಬತ್ತು ಅಡಿ ಬೇಕು. ಕೈಯಲ್ಲಿ ಹಿಡಿಯೋ ಸೆಟ್‌ಗೆ ಒಂದು ಗೇಣು ರಬ್ಬರ್ ಆಂಟೆನಾ ಇರುತ್ತೆ, ಅಷ್ಟು ನಷ್ಟ ಆಗೇ ಆಗುತ್ತೆ. 446ರ ಸಣ್ಣ ಸೆಟ್‌ಗೆ ಅರ್ಧ ಅಡಿ ಆಂಟೆನಾ ಸಾಕು, ಆದರೆ ಅದರ ತರಂಗವನ್ನು ದಟ್ಟ ಎಲೆ, ಮರ ಹೆಚ್ಚು ತಡೆಯುತ್ತವೆ. ನಿಮ್ಮದು ಒಂದೇ ತೋಟ, ಬಯಲು ಅಂದರೆ 446 ನೋಡಿ. ಅಡಿಕೆ ತೋಟಗಳ ನಡುವೆ ಮಾತಾಡಬೇಕು ಅಂದರೆ ಸಿಬಿ. ಯಾವುದೇ ಆಗಲಿ, ಇರೋರ ಹತ್ತಿರ ಒಂದು ದಿನಕ್ಕೆ ಜೋಡಿ ಸೆಟ್ ಇಸ್ಕೊಂಡು ನಿಮ್ಮ ಜಮೀನಿನಲ್ಲೇ ನಡೆದು ನೋಡಿ. ಎಲ್ಲಿ ಕೇಳುತ್ತೆ, ಎಲ್ಲಿ ಕೇಳಲ್ಲ ಅಂತ ಒಂದು ಕಾಗದದಲ್ಲಿ ಗುರುತು ಹಾಕಿ. ಆ ಕಾಗದ ಯಾವ ಕಂಪನಿಯ ಜಾಹೀರಾತಿಗಿಂತ ನಂಬಿಕಸ್ತ.

ಸೋಲಾರ್ ಪಂಪಿನ ಕಂಟ್ರೋಲರ್, ಹಳೇ ಬೈಕಿನ ಇಂಜಿನ್ ಹತ್ತಿರ ನಿಂತರೆ ಗರಗರ ಸದ್ದು ಬರುತ್ತೆ. ಇಪ್ಪತ್ತು ಹೆಜ್ಜೆ ಆಚೆ ಹೋಗಿ ಮಾತಾಡಿ. ಕೆಲವು ವರ್ಷ ಮಧ್ಯಾಹ್ನ ಎಲ್ಲೋ ದೂರ ದೇಶದ ಮಾತು ಕೇಳಿಸಿದರೆ ಗಾಬರಿ ಬೇಡ. ಸೂರ್ಯನ ಚಟುವಟಿಕೆ ಜೋರಾದಾಗ ಈ ತರಂಗ ಮೇಲಿನ ವಾಯುಪದರಕ್ಕೆ ತಾಗಿ ಸಾವಿರಾರು ಕಿಲೋಮೀಟರ್ ದೂರಕ್ಕೆ ಬಂದು ಬೀಳುತ್ತೆ.

ಮಳೆ, ಧೂಳು, ಔಷಧಿ

"ವಾಟರ್‌ಪ್ರೂಫ್" ಅನ್ನೋ ಪದಕ್ಕೆ ಬೆಲೆ ಇಲ್ಲ, ಐಪಿ ನಂಬರ್ ನೋಡಿ. ಮೊದಲ ಅಂಕಿ ಧೂಳಿಗೆ, ಎರಡನೇದು ನೀರಿಗೆ. ಐಪಿ54 ಅಂದರೆ ಎರಚಿದ ನೀರು ತಡೆಯುತ್ತೆ, ಧೂಳು ಸ್ವಲ್ಪ ಹೋಗಬಹುದು. ಐಪಿ67 ಅಂದರೆ ಧೂಳು ಒಳಗೆ ಹೋಗಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತೆ. ಐಪಿಎಕ್ಸ್7 ಅಂತಿದ್ದರೆ ನೀರಿನ ಪರೀಕ್ಷೆ ಆಗಿದೆ, ಧೂಳಿನ ಅಂಕಿ ಕೊಟ್ಟಿಲ್ಲ ಅಂತ ಅರ್ಥ. ನಮ್ಮ ಬಯಲುಸೀಮೆಗೆ ಮಳೆಗಿಂತ ಧೂಳೇ ದೊಡ್ಡ ಶತ್ರು, ಮೊದಲ ಅಂಕಿ ಮರೀಬೇಡಿ.

ಈ ಪರೀಕ್ಷೆ ಎಲ್ಲಾ ಮಾಡೋದು ಒಳ್ಳೆ ನೀರಿನಲ್ಲಿ. ಜೀವಾಮೃತದ ಡ್ರಮ್ಮಿಗೆ ಬೀಳೋದನ್ನ, ದಾಳಿಂಬೆ ಅಂಗಮಾರಿಗೆ ಹೊಡೆಯೋ ಬೋರ್ಡೋ ದ್ರಾವಣ ಸಿಡಿಯೋದನ್ನ ಯಾರೂ ಪರೀಕ್ಷೆ ಮಾಡಿರಲ್ಲ. ತಾಮ್ರದ ದ್ರಾವಣ ಚಾರ್ಜಿಂಗ್ ಜಾಗದ ಲೋಹವನ್ನು ತಿನ್ನುತ್ತೆ. ಸಿಂಪಡಣೆ ದಿನ ಸೆಟ್ಟನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ, ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಚಾರ್ಜಿಗೆ ಇಡಿ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲ ಆಗಿದ್ದರೆ ಐಪಿ67 ಬರೀ ಬರಹ.

ಗುಡುಗು ಸಿಡಿಲಿನ ಹೊತ್ತಲ್ಲಿ ಏರಿ ಮೇಲೆ, ಬಯಲಲ್ಲಿ ನಿಂತು ಮಾತಾಡೋದು ಬೇಡವೇ ಬೇಡ. ನೆಟ್‌ವರ್ಕ್ ಇರೋ ಮನೆಯವರು ದಾಮಿನಿ ಆ್ಯಪ್ ನೋಡಿ ತೋಟದಲ್ಲಿರೋರಿಗೆ ಮೊದಲೇ ಕೂಗಿ ಹೇಳಲಿ. ಫೋನ್ ಮತ್ತು ರೇಡಿಯೋ ಹೀಗೆ ಜೊತೆ ಸೇರಿದರೇ ಪ್ರಯೋಜನ.

ಮಾತಾಡೋ ರೀತಿ

1. ಎಲ್ಲರೂ ಒಂದೇ ಚಾನೆಲ್‌ನಲ್ಲಿರಿ. ಸೆಟ್‌ನಲ್ಲಿ ಎಎಂ, ಎಫ್‌ಎಂ ಎರಡೂ ಇದ್ದರೆ ಎಲ್ಲರೂ ಒಂದನ್ನೇ ಇಟ್ಟುಕೊಳ್ಳಿ.

2. ಸ್ಕ್ವೆಲ್ಚ್ ಗುಂಡಿಯನ್ನು "ಷ್..." ಅನ್ನೋ ಸದ್ದು ನಿಲ್ಲೋವರೆಗೆ ಮಾತ್ರ ತಿರುಗಿಸಿ. ಜಾಸ್ತಿ ತಿರುಗಿಸಿದರೆ ದೂರದವರ ಮಾತೂ ಮುಚ್ಚಿಹೋಗುತ್ತೆ.

3. ಗುಂಡಿ ಒತ್ತಿ, ಒಂದು ಕ್ಷಣ ಬಿಟ್ಟು ಮಾತಾಡಿ. ಇಲ್ಲಾಂದರೆ ಮೊದಲ ಪದ ಹೋಗಲ್ಲ. ಬಾಯಿಂದ ನಾಲ್ಕು ಬೆರಳು ದೂರ ಇರಲಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿ.

4. ಮೊದಲು ಯಾರನ್ನು ಕರೀತಿದ್ದೀರಿ, ಆಮೇಲೆ ನೀವು ಯಾರು. "ಮೇಲಿನ ಮನೆ, ಮೇಲಿನ ಮನೆ, ನಾನು ಹಳ್ಳದ ತೋಟ." ಮಾತು ಮುಗಿದಾಗ "ಹೇಳಿ" ಅನ್ನಿ, ಗುಂಡಿ ಬಿಡಿ. ಒಂದು ಸಲಕ್ಕೆ ಒಬ್ಬರೇ ಮಾತಾಡೋಕೆ ಆಗೋದು.

5. ಆಂಟೆನಾ ನೆಟ್ಟಗೆ ಮೇಲೆ ಇರಲಿ. ಆಂಟೆನಾ ಬಿಚ್ಚಿ ಗುಂಡಿ ಒತ್ತಬೇಡಿ, ಸೆಟ್ ಸುಟ್ಟುಹೋಗಬಹುದು.

6. ನೀವು ಹೇಳಿದ್ದನ್ನು ಯಾರು ಬೇಕಾದರೂ ಕೇಳಬಹುದು. "ಭೀಮಸಮುದ್ರದಲ್ಲಿ ಅಡಿಕೆ ಮಾರಿ ದುಡ್ಡು ತಗೊಂಡು ಬರ್ತಿದ್ದೀನಿ" ಅನ್ನೋದು ರೇಡಿಯೋದಲ್ಲಿ ಹೇಳೋ ಮಾತಲ್ಲ.

ಕೇಳೋ ಮನೆ

ಈಗ ಮುಖ್ಯ ವಿಷಯ. ಅಮೆರಿಕದಲ್ಲಿ ಸಿಬಿಯ 9ನೇ ಚಾನೆಲ್ ತುರ್ತು ಕರೆಗೆ ಮೀಸಲು. ನಮ್ಮಲ್ಲಿ ಆ ಚಾನೆಲ್‌ನಲ್ಲಿ ಕೂಗಿದರೆ ಯಾರೋ ಓಡಿ ಬರ್ತಾರೆ ಅಂದುಕೊಳ್ಳಬೇಡಿ. ಕೇಳೋರನ್ನು ನಾವೇ ಮಾಡಿಕೊಳ್ಳಬೇಕು.

ನಮ್ಮ ಗುಂಪಿನಲ್ಲಿ ಎತ್ತರದಲ್ಲಿರೋ, ಫೋನ್ ಸಿಗೋ ಒಂದು ಮನೆಯನ್ನು "ಕೇಳೋ ಮನೆ" ಅಂತ ಗೊತ್ತು ಮಾಡಿದ್ದೀವಿ. ರಾತ್ರಿ ಮೋಟಾರ್ ಪಾಳಿ ಇರೋವಷ್ಟು ಹೊತ್ತು ಆ ಸೆಟ್ ಆನ್ ಇರಬೇಕು. ಹೋಗೋರು ಹೊರಟಾಗ ಒಂದು ಮಾತು, ತಲುಪಿದಾಗ ಒಂದು ಮಾತು, ವಾಪಸ್ ಬಂದಾಗ ಒಂದು ಮಾತು. ಅರ್ಧ ಗಂಟೆ ಸುದ್ದಿ ಇಲ್ಲ ಅಂದರೆ ಕೇಳೋ ಮನೆಯವರು ಕೂಗಬೇಕು. ಉತ್ತರ ಬರಲಿಲ್ಲ ಅಂದರೆ ಇಬ್ಬರು ಟಾರ್ಚ್ ಹಿಡಿದು ಹೊರಡಬೇಕು. ಹಾವು ಕಚ್ಚಿದರೆ ರೇಡಿಯೋದಿಂದ ಕೇಳೋ ಮನೆಗೆ, ಅಲ್ಲಿಂದ 108ಕ್ಕೆ. ಚಿರತೆ, ಕರಡಿ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ. ತಂತಿ ಹರಿದು ಬಿದ್ದಿದ್ದರೆ ಬೆಸ್ಕಾಂನ 1912ಕ್ಕೆ. ಈ ಮೂರು ನಂಬರ್ ಸೆಟ್ ಪಕ್ಕದ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದಿರಲಿ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಕೇಳೋ ಕೆಲಸ ಕೊನೆಗೆ ಬಂದು ನಿಲ್ಲೋದು ಮನೆಯ ಹೆಂಗಸರ ಮೇಲೆ. ಹಗಲೆಲ್ಲ ದುಡಿದ ಅಮ್ಮ ರಾತ್ರಿ ರೇಡಿಯೋ ಪಕ್ಕ ಎದ್ದು ಕೂರಬೇಕಾ? ಇದೂ ಕೆಲಸವೇ, ಇದಕ್ಕೂ ಪಾಳಿ ಇರಬೇಕು. ನಾವು ವಾರಕ್ಕೊಂದು ಮನೆ ಅಂತ ಹಂಚಿಕೊಂಡಿದ್ದೀವಿ. ಮನೆ ಬದಲಾದಾಗ ಎತ್ತರ ಕಡಿಮೆ ಆದರೆ ಸ್ವಲ್ಪ ದೂರ ಕಮ್ಮಿ ಆಗುತ್ತೆ, ಆಗಲಿ. ಒಂದೇ ಮನೆಗೆ ಹೊರಿಸಿದ ವ್ಯವಸ್ಥೆ ಮೂರು ತಿಂಗಳು ಬಾಳಲ್ಲ. ಸೆಟ್ ಬಳಸೋದನ್ನು ಮನೆಯ ಪ್ರತಿಯೊಬ್ಬರಿಗೂ ಕಲಿಸಿ. ಕೂಗಿದಾಗ ಎದುರಿಗೆ ಸಿಗೋರು ಅವರೇ.

ಒಬ್ಬರೇ ಕೊಳ್ಳಬೇಡಿ

ಒಂದು ಜೋಡಿ ಕೊಂಡರೆ ನೀವು, ನಿಮ್ಮ ತಮ್ಮ ಮಾತಾಡಬಹುದು. ಆರು ಮನೆ ಸೇರಿ ಕೊಂಡರೆ ಒಂದು ಕಣಿವೆಗೇ ಕಿವಿ ಬರುತ್ತೆ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ರೋಟವೇಟರ್ ಬಾಡಿಗೆಗೆ ಸಿಗೋ ಹಾಗೆ ಇಟಿಎ ಇರೋ ಸೆಟ್‌ಗಳೂ ಸಿಗಬೇಕು. ರೈತ ಉತ್ಪಾದಕ ಕಂಪನಿಗಳು ಗೊಬ್ಬರ, ಬೀಜದ ಜೊತೆ ಇದನ್ನೂ ಒಟ್ಟಿಗೆ ತರಿಸಿ ಕೊಡಬೇಕು. ಹಿರಿಯೂರಿನ ಬಬ್ಬೂರು ಫಾರ್ಮ್‌ನಂಥ ಕಡೆ ಡ್ರೋನ್ ತರಬೇತಿಗೆ ಹುಡುಗರು ಹೋಗೋ ಹಾಗೆ ಇದಕ್ಕೂ ಅರ್ಧ ದಿನದ ತರಬೇತಿ ಇಟ್ಟರೆ ತಪ್ಪೇನು? ರೈತ ರಾತ್ರಿ ತೋಟಕ್ಕೆ ಹೋಗಿ ಸುರಕ್ಷಿತವಾಗಿ ಮನೆ ಸೇರೋದು ಕೃಷಿ ತಂತ್ರಜ್ಞಾನದ ಲೆಕ್ಕಕ್ಕೆ ಬರಲೇಬೇಕು. ಅದಕ್ಕಿಂತ ಮುಂಚೆ, ರಾತ್ರಿ ಬದಲು ಹಗಲು ಕರೆಂಟ್ ಕೊಡಿ ಅನ್ನೋ ನಮ್ಮ ಬೇಡಿಕೆ ಹಾಗೇ ಇರಲಿ. ರೇಡಿಯೋ ಬಂತು ಅಂತ ಅದನ್ನು ಬಿಡೋದು ಬೇಡ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಸೆಟ್‌ನ ಬೆಲೆ ಕೇಳೋ ಬದಲು "ರಾತ್ರಿ ಪಾಳಿಯಲ್ಲಿ ಯಾರು ಕೇಳಿಸಿಕೊಳ್ತೀರಿ?" ಅಂತ ಕೇಳಿ. ಮೂರು ಮನೆಯವರು ಕೈ ಎತ್ತಿದರೆ ಸೆಟ್ ನೋಡೋಕೆ ಹೊರಡಿ. ಯಾರೂ ಎತ್ತಲಿಲ್ಲ ಅಂದರೆ ದುಡ್ಡು ಜೇಬಲ್ಲೇ ಇರಲಿ, ಮೊದಲು ಆ ಮೂರು ಮನೆ ಹುಡುಕಿ.