ಬೆಳಕಿಗೆ ಬಿಡುಗಡೆಯಾಗುವ ಮದ್ದು

ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಮಹಾಶಯರು, ಅರೆಪ್ರಮಾಣದಲ್ಲಿ ಸೇವಿಸಿದರೆ ರೋಗಾಣುಗಳು ಮದ್ದಿಗೆ ಜಗ್ಗದಂತಾಗುವುವೆಂದು 1945ರಲ್ಲಿಯೇ ಎಚ್ಚರಿಸಿದ್ದರು. ಲೋಕ ಕೇಳಲಿಲ್ಲ. ವೈದ್ಯರನ್ನು ಕೇಳದೆ ಅಂಗಡಿಯಿಂದ ನಾಲ್ಕು ಗುಳಿಗೆ ತಂದು ನುಂಗುವುದು ಓದುಬಲ್ಲವರ ಮನೆಗಳಲ್ಲಿಯೂ ಉಂಟು. ಹೀಗೆ ವೈದ್ಯರ ಬತ್ತಳಿಕೆ ಬರಿದಾಗುತ್ತಿರುವಾಗ ರಸಾಯನಜ್ಞರ ಪ್ರಯತ್ನವೊಂದು ಗಮನಾರ್ಹವಾಗಿದೆ.

ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ದೇಹವೇ ಉತ್ಪಾದಿಸುತ್ತದೆ. ರಕ್ತನಾಳಗಳಿಗೆ ಅದು ಸಂದೇಶವಾಹಕವೆಂದು ತೋರಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ರೋಗಾಣುಗಳನ್ನು ಕೊಲ್ಲಲೂ ಅವುಗಳ ಲೋಳೆಪೊರೆಯ ಕೋಟೆಯನ್ನು ಚದುರಿಸಲೂ ಅದು ಸಮರ್ಥ. ಆದರೆ ಕ್ಷಣಜೀವಿ, ಬೇಕಾದೆಡೆಗೆ ಒಯ್ಯುವುದೇ ಕಷ್ಟ. ಆದ್ದರಿಂದ ಅದನ್ನು ಅಣುವೊಂದರಲ್ಲಿ ಬಂಧಿಸಿ, ಆ ಅಣುವನ್ನು ಗಾಯದ ಪಟ್ಟಿಯಲ್ಲಿ ಸೇರಿಸಿ, ಬೆಳಕು ತಾಕಿದಾಗ ಮಾತ್ರ ಹೊರಬಿಡುವ ಉಪಾಯವನ್ನು ಹೂಡಿದ್ದಾರೆ. ರಕ್ತದೊತ್ತಡವನ್ನು ಇಳಿಸುವ ಸೋಡಿಯಂ ನೈಟ್ರೋಪ್ರುಸೈಡ್ ಬೆಳಕಿಗೆ ಕೆಡುವುದೆಂದು ಆಸ್ಪತ್ರೆಗಳಲ್ಲಿ ಅದರ ಸೀಸೆಗೆ ಮುಸುಕು ಹಾಕುವುದುಂಟು; ಅಲ್ಲಿಯ ದೋಷವೇ ಇಲ್ಲಿ ಗುಣವಾಯಿತು!

ಹಾಗೆಂದು ಇದನ್ನು ರಾಮಬಾಣವೆಂದು ಸಾರುವುದು ಅವಸರ. ಇಂಥ ಅಣುಗಳಲ್ಲಿ ಅನೇಕವು ಒಡೆಯಲು ನೀಲಿ ಬೆಳಕೋ ಅತಿನೇರಳೆ ಕಿರಣವೋ ಬೇಕು; ಅವು ಚರ್ಮದಾಳಕ್ಕೆ ಇಳಿಯವು. ಅನಿಲ ಕಳಚಿದ ಮೇಲೆ ಉಳಿಯುವ ಶೇಷವೂ ನಿರಪಾಯವಾಗಿರಬೇಕು. ಸುಟ್ಟಗಾಯ, ಚರ್ಮದ ಹುಣ್ಣುಗಳ ಮಟ್ಟಿಗೆ ಭರವಸೆ ಇಡಬಹುದು. ಶ್ವಾಸಕೋಶದ ಸೋಂಕಿಗೆ ದಾರಿ ಇನ್ನೂ ದೂರ.